ಮೇಣ ಹಚ್ಚದ ಎರಡು ವಾರ

ಚಿತ್ರಶಾಲೆಯ ಮರದ ನೆಲಕ್ಕೆ ಮೂವತ್ತೊಂದು ವರ್ಷ ಮೇಣ ತಿಕ್ಕಿದವಳು ಮೇಣದಕ್ಕ. ಹೆತ್ತವರಿಟ್ಟ ಹೆಸರು ಅವಳಿಗೇ ಮರೆತಂತಿತ್ತು. ಬೆಳಗಾಗೆದ್ದು ಮಂಡಿಯೂರಿ, ಹಿಂಗೋಡೆಯಿಂದ ಬಾಗಿಲವರೆಗೆ ತಿಕ್ಕಿ ಬಂದಳೆಂದರೆ ಚೌಕಟ್ಟುಗಳೆಲ್ಲ ನೆಲದಲ್ಲಿ ಮುಖ ನೋಡಿಕೊಳ್ಳುತ್ತಿದ್ದವು.

ಅವಳು ಕೆಲಸಕ್ಕೆ ಸೇರಿದಾಗ ದೊಡ್ಡ ಮನುಷ್ಯರ ಚೀಟಿ ತಂದವರಿಗಷ್ಟೇ ಒಳಗೆ ಪ್ರವೇಶ. ದಿನಕ್ಕೆ ಹತ್ತು ಜೊತೆ ಬೂಟು ಬಂದರೆ ಹೆಚ್ಚು. ಆಮೇಲೆ ವಾರಕ್ಕೊಂದು ದಿನ ಯಾರು ಬೇಕಾದರೂ ಬರಬಹುದು ಎಂದಾಯಿತು. ಕೊನೆಗೆ ಎಲ್ಲ ದಿನವೂ ಬಾಗಿಲು ತೆರೆಯಿತು. ಗಿರಣಿಯವರು, ಗಾರೆಯವರು, ಕಂಕುಳಲ್ಲಿ ಕೂಸು ಹೊತ್ತವರು ಬಂದರು. ಬಾಗಿಲು ಕಾಯುವ ಅವಳ ತಮ್ಮ ಮೂಗು ಮುರಿದ.

"ನಿನ್ನ ನೆಲದ ಕಥೆ ಮುಗೀತು ಬಿಡಕ್ಕಾ."

"ನೆಲ ಇರೋದೇ ತುಳಿಯೋಕೆ ಕಣೋ. ನೀನು ಬಾಗಿಲು ತೆಗಿ."

ಕೊನೆಯ ಕೋಣೆಯ ಮೂಲೆಯಲ್ಲೊಂದು ಸಣ್ಣ ಚಿತ್ರ. ತೊಟ್ಟಿಯ ಪಕ್ಕ ಬಟ್ಟೆ ಹಿಂಡುತ್ತಿರುವ ಹೆಂಗಸು. ನೀರಲ್ಲಿ ನೆನೆದು ಕೆಂಪಾದ ಕೈ. ಸೊಂಟ ನೆಟ್ಟಗೆ ಮಾಡಿಕೊಳ್ಳುವ ನೆಪದಲ್ಲಿ ಮೇಣದಕ್ಕ ದಿನವೂ ಅವಳೆದುರು ಒಂದು ಗಳಿಗೆ ನಿಲ್ಲುತ್ತಿದ್ದಳು. ಹೊಸದಾಗಿ ಬಂದ ಅಧಿಕಾರಿ, ಯಾರೂ ನೋಡದ ಈ ಚಿತ್ರವನ್ನು ತಿಂಗಳ ಕೊನೆಗೆ ಉಗ್ರಾಣಕ್ಕೆ ಹಾಕಿಸುತ್ತೇನೆ ಎಂದರು. ಜನ ಇಲ್ಲೇ ಹೆಚ್ಚು ಹೊತ್ತು ನಿಲ್ಲುತ್ತಾರೆ ಎಂದು ಹೇಳಿ ನೋಡಿದಳು. ಗುರುತೇನಿದೆ ಎಂದು ಅವರು ಕೇಳಿದರು.

ಗುರುತು ಇತ್ತು. ಆದರೆ ದಿನಾ ಬೆಳಗ್ಗೆ ಅದನ್ನು ತಿಕ್ಕಿ ಅಳಿಸುತ್ತಿದ್ದವಳು ಅವಳೇ.

ಎರಡು ವಾರ ಆ ಕೋಣೆಗೆ ಮೇಣ ಹಚ್ಚಲಿಲ್ಲ. ಬರೀ ಕಸ ಗುಡಿಸಿದಳು. ಮೈ ಹುಷಾರಿಲ್ಲವೇ ಎಂದು ತಮ್ಮ ಎರಡು ಸಲ ವಿಚಾರಿಸಿದ. ಮಂಕಾದ ನೆಲ ಕಂಡಾಗಲೆಲ್ಲ ಅವಳಿಗೆ ತಲೆ ಬಾಚದೆ ಬೀದಿಗೆ ಬಂದಷ್ಟು ನಾಚಿಕೆ. ಕೊನೆಗೆ ಅಧಿಕಾರಿ ಕರೆಸಿ ಗದರಿದರು. ಕೆಲಸಕ್ಕೆ ಸೇರಿದ ಮೇಲೆ ತಿಂದ ಮೊದಲ ಬೈಗುಳ ಅದು. ಅವಳು ಅವರನ್ನು ಕೊನೆಯ ಕೋಣೆಗೆ ಕರೆದೊಯ್ದಳು.

ಆ ಕೋಣೆಯ ದೊಡ್ಡ ದೊಡ್ಡ ಚಿತ್ರಗಳೆದುರು ಹಳೆಯ ಹೊಳಪು ಇನ್ನೂ ಉಳಿದಿತ್ತು. ಬಾಗಿಲಿಂದ ಮೂಲೆಯವರೆಗೆ ಮಾತ್ರ ಕಾಲುದಾರಿಯಂತೆ ಸವೆದ ಒಂದು ಪಟ್ಟಿ. ಬಟ್ಟೆ ಹಿಂಡುವವಳ ಮುಂದೆ ಚಾಪೆಯಗಲ ಬರೀ ಮರ. ಅಧಿಕಾರಿ ಕುಕ್ಕರುಗಾಲಲ್ಲಿ ಕೂತು ಅಂಗೈಯಿಂದ ಸವರಿ ನೋಡಿದರು.

"ಇಷ್ಟು ಜನ ನಿಂತಿದ್ದಾರಾ?"

"ನಿಂತಿದ್ದಾರೆ ಸಾಹೇಬ್ರೆ. ಅಳಿಸಿದ ತಪ್ಪು ನಂದು."

ಅವರು ಬಹಳ ಹೊತ್ತು ಚಿತ್ರವನ್ನೇ ನೋಡಿದರು. "ಇವಳು ಇಲ್ಲೇ ಇರಲಿ," ಎಂದರು.

ಮೇಣದ ಡಬ್ಬಿ ಆಗಲೇ ಅವಳ ಕೈಗೆ ಬಂದಿತ್ತು.

"ಹಾಗಾದ್ರೆ ಸ್ವಲ್ಪ ಆಚೆ ಸರೀರಿ ಸಾಹೇಬ್ರೆ. ಎರಡು ವಾರದಿಂದ ನನಗೆ ಅನ್ನ ಸೇರಿಲ್ಲ."