ಕರಿ ಐರಾಣಿಯ ಮೇಲೆ ಕೆಂಪು ಎಲೆ

ಮದುವೆಯವರು ಬಾಗಿಲಲ್ಲಿ ನಿಂತಿರುವಾಗ ಅವರ ಕೆಲಸವನ್ನೇ ಕೈಯಾರೆ ಕೆಡಿಸಿದ್ದು ನಿಮಗೆ ಯಾರಿಗಾದರೂ ಆಗಿದೆಯಾ? ನಮ್ಮ ಕುಂಬಾರ ಅಜ್ಜಿಗೆ ಆಗಿತ್ತು. ಬಲಗೈ ಹೆಬ್ಬೆರಳು ಸೌಟಿನ ಹಾಗೆ ಹಿಂದಕ್ಕೆ ಬಾಗಿದ್ದ, ಉಗುರು ಸಂದಿಯ ಹೊಗೆಗಪ್ಪು ಯಾವ ಸೀಗೆಗೂ ಹೋಗದ ಅಜ್ಜಿ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಮ್ಮ ಪಕ್ಕದ ಮನೆಯವಳು. ದಾರಿಯಲ್ಲಿ ಚಂದದ ಎಲೆ ಕಂಡರೆ ಆಟೋ ನಿಲ್ಲಿಸಿ ಇಳಿಯುತ್ತಿದ್ದಳು.

ಇದು ಅವಳೇ ನೂರು ಸಲ ಹೇಳಿದ್ದು. ಬಳ್ಳಾರಿ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲ. ಸಿರುಗುಪ್ಪದಿಂದ ಕುರುಗೋಡಿಗೆ ಸೊಸೆಯಾಗಿ ಬಂದು ತಿಂಗಳೂ ಆಗಿರಲಿಲ್ಲ. ಐರಾಣಿ ಗಡಿಗೆಗಳ ಕೆಲಸ ಬಂತು, ಅಂದರೆ ಕುಂಬಾರರ ಮನೆಯಲ್ಲೇ ಪೂಜೆ ಮಾಡಿ ಮದುವೆಗೆ ಹೊತ್ತೊಯ್ಯುವ ಗಡಿಗೆಗಳು. ಪ್ರತಿ ಹಸಿ ಗಡಿಗೆಗೂ ಅರಳಿ ಎಲೆ ಒತ್ತಿ, ಆ ಗುರುತಿನ ಮೇಲಷ್ಟೇ ಕೆಸರು ಮೆತ್ತಿದಳು. ಹುಡುಗಾಟ ಅಂತ ಅತ್ತೆ ಬಿಟ್ಟುಬಿಟ್ಟರು.

ಗಡಿಗೆ ಸುಡುವ ಆವಿಗೆಯಲ್ಲಿ ಬೆಂಕಿ ಇಳಿಯಿತು. ತವರಲ್ಲಾದರೆ ಆಗ ಹಸಿ ಭತ್ತದ ಹೊಟ್ಟು ಸುರಿದು, ಆವಿಗೆಯ ಬಾಯಿಗೆ ಕೆಸರು ಮೆತ್ತಿ, ಗಡಿಗೆಗೆ ಹೊಗೆ ಕುಡಿಸಿ ಕಪ್ಪು ಮಾಡುತ್ತಿದ್ದರು. ಗಂಡನ ಮನೆಯವರು ಮರೆತರು ಅಂದುಕೊಂಡು ಇವಳೇ ಮುಚ್ಚಿಬಿಟ್ಟಳು. ಕುರುಗೋಡಿನವರು ಮುಚ್ಚುವುದೇ ಇಲ್ಲ, ಅವರದು ಕೆಂಪು ಗಡಿಗೆ.

ಬೆಳಿಗ್ಗೆ ತೆಗೆದರೆ ಎಲ್ಲವೂ ಇದ್ದಿಲಗಪ್ಪು. ಮದುವೆಗೆ ಕಪ್ಪು! ಐರಾಣಿ ಒಯ್ಯಲು ವಾದ್ಯದವರ ಸಮೇತ ಮದುವೆಯವರು ಬಂದೇಬಿಟ್ಟರು.

"ಗಂಟು ಕಟ್ಟವ್ವ," ಅಂದರು ಅತ್ತೆ. "ಸಂಜಿ ಬಂಡಿಗೆ ನಿಮ್ಮೂರಿಗೆ ಹೋಗಾಕ ತಯಾರಾಗು."

"ಹೋಗ್ತೀನ್ರಿ ಅತ್ತಿ. ಐರಾಣಿಗೆ ಹೆಂಗೂ ಸುಣ್ಣಾ ಬಳೀತೀರಲ್ರಿ, ಬಳದು ಕೊಟ್ಟ ಹೋಗ್ತೀನಿ."

ಗಂಟು ಕಟ್ಟಿಟ್ಟು, ಸುಣ್ಣ ಕಲಸಿಕೊಂಡು ಕೂತು ಮೊದಲ ಗಡಿಗೆಯ ಕೆಸರು ಉದುರಿಸಿದಳು. ಹೊಗೆ ತಾಗದ ಜಾಗದಲ್ಲಿ ಕೆಂಪು ಅರಳಿ ಎಲೆ, ನರನರವೂ ಎದ್ದು ಕಾಣುವಂತೆ. ಮದುಮಗಳ ಅಜ್ಜಿ ಬಗ್ಗಿ ನೋಡಿ ಕುಂಚ ಕಸಿದುಕೊಂಡಳು.

"ಇದರ ಮ್ಯಾಲೆ ಸುಣ್ಣಾ ಬಳೀತಿಯೇನ ಹುಚ್ಚಿ?"

"ಕರ್ರಗ ಅದಾವಲ್ರಿ ಯಮ್ಮಾ," ಅಂದರು ಅತ್ತೆ.

"ಇರಲಿ ಬಿಡು. ನಾನೂ ಕರ್ರಗ ಅದೀನಿ. ನನ್ನ ಮದುವಿ ಆಗಿಲ್ಲೇನು? ಆರು ಹಡದೀನಿ."

ಶಹನಾಯಿಯವನಿಗೆ ನಗು ತಡೆಯದೆ ಊದಲಾಗಲಿಲ್ಲವಂತೆ. ಗಡಿಗೆಗಳು ಹಾಗೇ ಹೋದವು.

ಮನೆ ಖಾಲಿಯಾದ ಮೇಲೆ ಅತ್ತೆ ಗಂಟು ಬಿಚ್ಚಿ, ಸೊಸೆಯ ಸೀರೆಗಳನ್ನು ತಾವೇ ಹಗ್ಗಕ್ಕೆ ಹಾಕಿದರು. "ಆವಿಗಿ ಬಾಯಿ ಯಾವಾಗ ಮುಚ್ಚೂದು, ನನಗೂ ತೋರಸು," ಅಂದರು.

ನನಗೂ ಈ ಕುಂಬಾರ ಅಜ್ಜಿಯೇ ತೋರಿಸಿದ್ದು. ನನ್ನ ಮೊದಲ ಗಡಿಗೆಗಳು ಆವಿಗೆಯೊಳಗೇ ಸಿಡಿದಾಗ ಹೊಟ್ಟೆ ಹಿಡಿದು ನಕ್ಕು, ಮತ್ತೆ ಮಣ್ಣು ತುಳಿಸಿದಳು. ತೊಂಬತ್ತು ವರ್ಷದ ಹತ್ತಿರ ಹೋಗಿ ತೀರಿಕೊಂಡಳು. ಇವತ್ತು ನಾನು ಉಣ್ಣುವ ಅನ್ನ ಅವಳು ಕಲಿಸಿದ ಹೊಗೆಯದು. ನಿಮಗೆ ಕೈಕೆಲಸ ಕಲಿಸಿದವರು ತಾವು ಕೆಡಿಸಿದ ಯಾವ ಕೆಲಸವನ್ನು ನಗುತ್ತ ಹೇಳುತ್ತಿದ್ದರು? ಕೆಳಗೆ ಬರೆಯಿರಿ, ಓದುತ್ತೇನೆ.