ಅಕ್ಕನ ಹೆಸರಿನ ಮುಂದಿನ ನಕ್ಷತ್ರ

ಶಹಾಪುರದ ಸೀರೆ ಅಂಗಡಿಯಲ್ಲಿ ನನ್ನ ಕಾಕಾನ ಮಗ ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಅವನ ಮುಂದೆ ಒಂದರ ಮೇಲೊಂದು ಸೀರೆ ಬಿಚ್ಚಿ ಹರವಿದ್ದರು. ನಾನು ಆ ಓಣಿಗೆ ಹೋಗಿದ್ದು ಚಷ್ಮಾ ರಿಪೇರಿಗೆ. ನಂದಗಡದಲ್ಲಿ ಹೊಲ ಮಾಡಿಕೊಂಡಿರುವ ಮನುಷ್ಯ ವಾರದ ನಡುವೆ ಇಲ್ಲೇನು ಮಾಡುತ್ತಿದ್ದಾನೆಂದು ಒಳಗೆ ಹೋದೆ.

"ಬಾ ಅಣ್ಣಾ, ಚಲೋ ಹೊತ್ತಿಗೆ ಬಂದಿ. ಇದು ಬೇಷ್ ಕಾಣತೈತೋ, ಆ ಹಸರದ್ದೋ?"

"ಯಾರಿಗೆ?"

"ಮತ್ಯಾರಿಗೆ? ಮಾಮಾನ ಸೀರಿ ಅಲ್ಲೇನು."

ನಮ್ಮ ಮನೆತನದ ಮದುವೆಗಳಲ್ಲಿ ಹುಡುಗಿಗೆ ಸೋದರಮಾವ ಸೀರೆ ತರಬೇಕು, ಅವಳ ಕೈಹಿಡಿದು ಮಂಟಪಕ್ಕೆ ಕರೆತರಬೇಕು, ಅಂತರಪಟ ಹಿಡಿದಾಗ ಅವಳ ಬೆನ್ನ ಹಿಂದೆ ನಿಲ್ಲಬೇಕು. ಅವನು ಹೇಳುತ್ತಿದ್ದ ಹುಡುಗಿ ನನ್ನ ಸ್ವಂತ ಅಕ್ಕನ ಮಗಳು. ಅವಳಿಗೆ ಸ್ವಂತ ಸೋದರಮಾವ ಅಂತ ಇರುವವನು ನಾನೊಬ್ಬನೇ. ಎಂ.ಎ. ಓದಲು ಖಾನಾಪುರದಿಂದ ಬಂದು ಟಿಳಕವಾಡಿಯ ನನ್ನ ಮನೆಯಲ್ಲೇ ಇದ್ದಳು. ಆ ದಿನ ಬೆಳಿಗ್ಗೆ ನನಗೆ ಚಹಾ ಮಾಡಿಕೊಟ್ಟವಳೂ ಅವಳೇ.

ನನ್ನ ಮುಖ ನೋಡಿ ಕಾಕಾನ ಮಗ ಸೀರೆಯ ಸೆರಗನ್ನು ಕೈಯಿಂದ ಬಿಟ್ಟ.

"ನೀ ಒಲ್ಲೆ ಅಂದಿ ಅಂತ ಹೇಳಿದ್ರಪಾ. ಅಕ್ಕ ಎಷ್ಟೋ ಸಲ ಫೋನ್ ಹಚ್ಚಿದ್ಲಂತ, ನೀ ತಿರಗಿ ಹಚ್ಚಲೇ ಇಲ್ಲಂತ. ಹೋದ ಆಯ್ತವಾರ ಸಾಕರಪುಡೆ ಆತು. ಮಾಮಾನ ಜಾಗಾದಾಗ ಯಾರರ ಕುಂದರಬೇಕಲ್ಲ, ನಾ ಕುಂತೆ."

ಸಾಕರಪುಡೆ ಎಂದರೆ ನಿಶ್ಚಯ. ಅಲ್ಲಿ ಸೋದರಮಾವನ ಜಾಗದಲ್ಲಿ ಕೂತವನೇ ಮದುವೆಯಲ್ಲೂ ನಿಲ್ಲುವುದು. ನಡುವೆ ಬದಲಾಯಿಸಿದರೆ ಬೀಗರು ಏನೋ ಜಗಳವಿದೆ ಎಂದುಕೊಳ್ಳುತ್ತಾರೆ.

ಅಂಗಡಿಯವರು ನನಗೂ ಜಾಗ ಮಾಡಿದರು. "ಕುಂದರ್ರಿ ಸರ, ಚಾ ತರಸ್ತೇನಿ. ನೀವು ಹುಡಗಿಗೆ ಏನಾಗಬೇಕ್ರಿ?"

ಚಹಾ ಬೇಡವೆಂದು ಹೇಳಿ ಹೊರಗೆ ಬಂದೆ. ಅಷ್ಟು ಹೇಳಿದ್ದು ನೆನಪಿದೆ. ಹಸಿರು ಸೀರೆ ಚೆನ್ನಾಗಿದೆ ಎಂದೂ ಹೇಳಿದೆನಂತೆ. ಅದು ನೆನಪಿಲ್ಲ.

ಹಿಂದಿನ ಭಾನುವಾರ ಹುಡುಗಿ ಖಾನಾಪುರಕ್ಕೆ ಹೋಗಿದ್ದಳು. ಅವ್ವನಿಗೆ ಆರಾಮಿಲ್ಲ ಎಂದಿದ್ದಳು. ನಾನೂ ಬರಲೇ ಎಂದು ಕೇಳಿದ್ದೆ, ಬರೀ ನೆಗಡಿ ಎಂದಿದ್ದಳು. ಸೋಮವಾರ ವಾಪಸು ಬರುವಾಗ ಪೇಢೆಯ ಡಬ್ಬಿ ತಂದಿದ್ದಳು. ಗೆಳತಿಗೆ ನೌಕರಿಯಾಯಿತು ಎಂದಳು, ಅಥವಾ ನಾನೇ ಹಾಗೆ ತಿಳಿದುಕೊಂಡೆನೋ. ನಾನು ಎರಡು ತಿಂದು, ಆ ಗೆಳತಿಗೆ ನನ್ನ ಶುಭಾಶಯ ಹೇಳು ಎಂದಿದ್ದೆ. ಶಹಾಪುರದಿಂದ ರೈಲ್ವೆ ಗೇಟಿನವರೆಗೆ ನಡೆಯುತ್ತ ಈ ಪೇಢೆಯನ್ನೇ ಮನಸ್ಸಿನಲ್ಲಿ ತಿರುವಿ ತಿರುವಿ ನೋಡಿದೆ.

ಗೇಟಿನ ಹತ್ತಿರ ನಿಂತು ಫೋನು ತೆಗೆದೆ. ಕರೆಗಳ ಪುಟವನ್ನು ನಾನು ತೆರೆಯುವುದೇ ಅಪರೂಪ. ಸಾಲ ಬೇಕೇ, ಸೈಟು ಬೇಕೇ ಎಂದು ಕೇಳುವವರ ನಡುವೆ ಅಕ್ಕನ ಹೆಸರು ಅಲ್ಲಲ್ಲಿ ಕೆಂಪಗೆ ಕೂತಿತ್ತು. ಎಲ್ಲವೂ ಬೆಳಗಿನ ಕರೆಗಳು. ಅಕ್ಕ ಅಂಗನವಾಡಿಯಲ್ಲಿ ಟೀಚರು. ಹೊರಡುವ ಮುಂಚೆ, ಡಬ್ಬಿ ಕಟ್ಟುವ ಹೊತ್ತಿಗೆ ಅವಳ ಫೋನು.

ನನ್ನ ಬೆಳಗಿನ ಹೊತ್ತು ಮೌನದ್ದು. ಅದನ್ನು ಏರ್ಪಡಿಸಿಕೊಟ್ಟವಳು ಇದೇ ಹುಡುಗಿ. ನಾನು ಒಂದು ಕಡೆ ಕೂರುವ ಪ್ರಾಣಿಯಲ್ಲ. ಪುಸ್ತಕ ತೆರೆದರೆ ಫೋನು ಟಣ್ ಎನ್ನುತ್ತಿತ್ತು, ಎದ್ದು ಹೋಗಿ ನೋಡುತ್ತಿದ್ದೆ, ಬಂದು ಕೂತರೆ ಯಾವ ಸಾಲಿನಲ್ಲಿದ್ದೆ ಎಂಬುದು ಮರೆತಿರುತ್ತಿತ್ತು. ಕುಟುಂಬದ ವಾಟ್ಸ್ಯಾಪ್ ಗುಂಪಿನಿಂದ ಹೊರಗೆ ಬಂದು ಎಷ್ಟೋ ಕಾಲವಾಗಿತ್ತು. ಕಷಾಯದಿಂದ ಸಕ್ಕರೆ ಕಾಯಿಲೆ ಹೋಗುತ್ತದೆ ಎಂದು ಯಾರೋ ಹಾಕಿದ್ದಕ್ಕೆ ನಾನು ಆಧಾರ ಕೇಳಿದ್ದೆ, ಅವರು ನನ್ನ ಓದಿನ ಬಗ್ಗೆ ಮಾತಾಡಿದ್ದರು. ಅಷ್ಟಾದರೂ ಟಣ್‌ಗಳು ನಿಲ್ಲಲಿಲ್ಲ. ಒಂದು ದಿನ ಹುಡುಗಿ ಫೋನು ಇಸಿದುಕೊಂಡು, "ಮಾಮಾ, ಇದಕ್ಕೊಂದು ದಾರಿ ಐತಿ" ಎಂದಳು. 'ಅಡಚಣೆ ಮಾಡಬೇಡಿ' ಎಂಬ ವ್ಯವಸ್ಥೆ. ಬೆಳಿಗ್ಗೆ ಎದ್ದಾಗಿನಿಂದ ಮಧ್ಯಾಹ್ನದ ಊಟದವರೆಗೆ ಸದ್ದಿಲ್ಲ, ಬೆಳಕಿಲ್ಲ, ಪರದೆಯ ಮೇಲೆ ಒಂದು ಗುರುತೂ ಇಲ್ಲ. ಬೇಕಾದವರ ಹೆಸರಿಗೆ ನಕ್ಷತ್ರ ಹಾಕಿದರೆ ಅವರ ಕರೆಗಷ್ಟೇ ಬಾಗಿಲು ತೆರೆಯುತ್ತದೆ. ನಾನು ಎರಡು ಹೆಸರಿಗೆ ನಕ್ಷತ್ರ ಹಾಕಿದೆ, ಅಕ್ಕನದು ಮತ್ತು ಅವಳದು. ನನ್ನ ಬೆರಳಿನಿಂದಲೇ ಒತ್ತಿದೆ. ನಕ್ಷತ್ರ ಹಳದಿಯಾಯಿತು. ಇದು ನೆನಪಿದೆ.

ಇನ್ನೊಂದು ಕಿಂಡಿಯೂ ಇತ್ತು. ಒಬ್ಬರೇ ಸ್ವಲ್ಪ ಹೊತ್ತಿನಲ್ಲೇ ಎರಡನೇ ಸಲ ಕರೆದರೆ ಫೋನು ಅವರನ್ನು ಒಳಗೆ ಬಿಡುತ್ತದೆ. ಅಷ್ಟು ಅವಸರವಿದ್ದರೆ ಕಾರಣವಿರುತ್ತದೆ ಎಂಬುದು ಅದರ ಲೆಕ್ಕಾಚಾರ. ಆದರೆ ನಮ್ಮ ಮನೆಯವರು ಬೆನ್ನುಬೆನ್ನಿಗೆ ಎರಡು ಸಲ ಫೋನು ಹಚ್ಚುವುದಿಲ್ಲ. ಸತ್ತ ಸುದ್ದಿಗೆ ಮಾತ್ರ ಹಾಗೆ ಹಚ್ಚುವುದು. ಬಾಜು ಮನೆಯವರ ಫೋನಿಗೆ ನಮ್ಮ ಸುದ್ದಿ ಬರುತ್ತಿದ್ದ ಕಾಲದಿಂದ ಹೀಗೇ. ಒಂದು ಸಲ ಹಚ್ಚಿ, ಒಂದೆರಡು ರಿಂಗಾದ ಮೇಲೆ ಕಟ್ ಮಾಡಿ ಸುಮ್ಮನಿರಬೇಕು; ಆಚೆಯವರು ಬಿಡುವಾದಾಗ ತಿರುಗಿ ಹಚ್ಚುತ್ತಾರೆ. ಮಗಳ ನಿಶ್ಚಯದ ಮಾತಿಗೆ ಅಕ್ಕ ಎರಡನೇ ಸಲ ಹಚ್ಚುವುದಂತೂ ಸಾಧ್ಯವೇ ಇರಲಿಲ್ಲ, ಅಪಶಕುನ.

ಗೇಟಿನ ಬಳಿ ನಿಂತೇ ಹೆಸರುಗಳನ್ನು ತೆರೆದು ನೋಡಿದೆ. ಹುಡುಗಿಯ ಹೆಸರಿನ ಮುಂದೆ ನಕ್ಷತ್ರವಿತ್ತು. ಅಕ್ಕನ ಹೆಸರಿನ ಮುಂದೆ ಇರಲಿಲ್ಲ.

ಯಾರು ತೆಗೆದರು ಎಂಬ ಪ್ರಶ್ನೆಗಿಂತ ಮೊದಲು ನನಗೆ ಬಂದ ಯೋಚನೆ, ನಾನೇ ತೆಗೆದಿರಬೇಕು ಎಂಬುದು. ಎಲ್ಲವನ್ನೂ ಸಂಶಯಿಸಿ ನೋಡಬೇಕೆಂದು ವಿಶ್ವವಿದ್ಯಾಲಯ ಕಲಿಸಿತು. ವಯಸ್ಸಾದಂತೆ ಆ ಸಂಶಯ ನನ್ನ ಮೇಲೇ ತಿರುಗಿದೆ. ಬೀಗ ಹಾಕಿ ಓಣಿ ದಾಟಿ, ಹಾಕಿದೆನೋ ಇಲ್ಲವೋ ಎಂದು ಮರಳಿ ಬಂದು ಎಳೆದು ನೋಡುತ್ತೇನೆ. ಕೆಲವು ವಾರಗಳ ಹಿಂದೆ ಅಕ್ಕನ ಫೋನು ಯಾಕೆ ಬರುತ್ತಿಲ್ಲ ಎಂದು ಹುಡುಗಿಯನ್ನು ಕೇಳಿದ್ದೆ. ಆಗ ಅವಳು ಏನೋ ಹೇಳಿದ್ದಳು. ಏನೆಂಬುದು ನಡೆದು ಮನೆ ಮುಟ್ಟುವಷ್ಟರಲ್ಲಿ ನೆನಪಾಯಿತು.

ಅವಳು ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು.

"ಹಸರು ಸೀರಿ ತಗೊಳ್ಳಾಕತ್ತಾರ," ಎಂದೆ.

ಅವಳು ಕೈಯಲ್ಲಿದ್ದ ಟವೆಲನ್ನು ಬಹಳ ಹೊತ್ತು ಹಿಂಡಿದಳು. ಅದರಲ್ಲಿ ನೀರೇ ಇರಲಿಲ್ಲ.

"ನಾನ ಹೇಳಾಕಿದ್ದೆ ಮಾಮಾ."

"ಅವ್ವನ ಹೆಸರಿನ ನಕ್ಷತ್ರ ಯಾರು ತಗದ್ರು?"

"ನಾನು."

"ಅವತ್ತ ಕೇಳಿದಾಗ ಏನಂದಿ? ಮುಂಜಾನಿ ಯಾರೂ ಬ್ಯಾಡ, ಅಕ್ಕನೂ ಬ್ಯಾಡ ಅಂತ ನೀವ ಹೇಳಿದ್ರಿ ಅಂದಿ."

"ಅಂದೆ."

"ನಾ ಖರೇ ಹೇಳಿದ್ನೇನು?"

ಅವಳು ನನ್ನ ಮುಖ ನೋಡಲಿಲ್ಲ. "ಇಲ್ಲ. ನೀವು ನಂಬ್ತೀರಿ ಅಂತ ಗೊತ್ತಿತ್ತು. ಮೊನ್ನೆ ಹಾಲು ಉಕ್ಕಿದಾಗ್ಲೂ ನೀವ ಇಟ್ಟಿದ್ದು ಅಂದ್ಕೂಡ್ಲೆ ನಂಬಿದ್ರಿ. ಅದು ನಾ ಇಟ್ಟಿದ್ದು."

ನಿಜ ಹೇಳಬೇಕೆಂದರೆ, ಸೀರೆ ಅಂಗಡಿಯಲ್ಲಿ ಆಗದ ನೋವು ಈ ಹಾಲಿನ ಮಾತಿಗೆ ಆಯಿತು. ನನ್ನ ಮರೆವಿನ ಬಗ್ಗೆ ನಾನು ಮನಸ್ಸು ಬಿಚ್ಚಿ ಮಾತಾಡಿದ್ದು ಅವಳೊಬ್ಬಳ ಹತ್ತಿರ.

"ಯಾಕ?" ಎಂದೆ.

"ಹೋದ ಸಲ ನನ್ನ ನೋಡಾಕ ಬಂದವ್ರಿಗೆ ನೀವು ಏನೇನು ಕೇಳಿದ್ರಿ ನೆನಪೈತೇನು? ಜಾತಕ ಯಾಕ ಬೇಕು ಅಂದ್ರಿ. ಹುಡುಗ ಏನು ಓದ್ಯಾನ, ಓದಿದ್ದು ತಿಳದೈತೋ ಇಲ್ಲೋ ಅಂದ್ರಿ. ಆ ಮನುಷ್ಯಾ ಅವಲಕ್ಕಿ ಅರ್ಧಕ್ಕ ಬಿಟ್ಟು ಎದ್ದ."

"ಆ ಹುಡುಗ ನಿನಗ ಬ್ಯಾಡಾಗಿದ್ದ. ನೀನ ನಕ್ಕಿ ಆಮ್ಯಾಲೆ."

"ಹೂಂ, ಅಂವ ಬ್ಯಾಡಾಗಿದ್ದ. ಇಂವ ಬೇಕು." ಟವೆಲನ್ನು ತಂತಿಯ ಮೇಲೆ ಹಾಕಿದಳು. "ಇವ್ರೂ ಜಾತಕ ಕೇಳ್ತಾರ. ಸೋಮವಾರ ಒಪ್ಪತ್ತು ಮಾಡ್ತಾರ. ಮಾಡ್ಲಿ ಬಿಡ್ರಿ, ನಾನೂ ಮಾಡ್ತೇನಿ. ನೀವು ಉತ್ತರ ಬಂದ ಮ್ಯಾಲೂ ಕೇಳ್ತೀರಿ ಮಾಮಾ. ಸಾಕರಪುಡೆ ಆಗೂತನಕ ಸುಮ್ಮನಿದ್ರ ಸಾಕು, ಆಮ್ಯಾಲೆ ನಿಮ್ಮ ಕಾಲು ಹಿಡೀತೇನಿ ಅಂದ್ಕೊಂಡಿದ್ದೆ. ನಿಮ್ಮ ಕಾಕಾನ ಮಗನ್ನ ಕುಂದ್ರಸ್ತಾರ ಅಂತ ನನಗೂ ಗೊತ್ತಿರ್ಲಿಲ್ಲ."

ಇವಳನ್ನು ಎಂ.ಎ.ಗೆ ಕಳಿಸು ಎಂದು ಅಕ್ಕನೊಂದಿಗೆ, ಭಾವನೊಂದಿಗೆ ವಾದಿಸಿದವನು ನಾನು. ಪ್ರಶ್ನೆ ಕೇಳುವುದನ್ನು ಕಲಿಸಿದವನೂ ನಾನೇ ಎಂದು ತಿಳಿದಿದ್ದೆ. ಅವಳು ನನ್ನನ್ನು ಕೂತು ನೋಡಿದ್ದಳು, ನಾನು ಎಲ್ಲಿ ಸಡಿಲವಾಗಿದ್ದೇನೆ ಎಂದು ಕಂಡುಕೊಂಡಿದ್ದಳು, ಅಲ್ಲಿಗೇ ಕೈಹಾಕಿದ್ದಳು. ಕಾಲು ಹಿಡಿಯಲು ಬಂದಳು. ನಾನು ಹಿಂದೆ ಸರಿದೆ. ಸಿಟ್ಟಿನಿಂದಲ್ಲ; ಏನು ಮಾಡಬೇಕೆಂದು ತಿಳಿಯಲಿಲ್ಲ.

ಅಕ್ಕನಿಗೆ ಎಲ್ಲ ಹೇಳಿದರೆ ನನ್ನ ಜಾಗ ನನಗೆ ಸಿಗಬಹುದು ಎಂಬ ಆಸೆಯಿಂದ ಮರುದಿನವೇ ಖಾನಾಪುರದ ಬಸ್ಸು ಹತ್ತಿದೆ. ಅಕ್ಕ ಅಂಗನವಾಡಿ ಮುಗಿಸಿ ಬಂದು ಕಟ್ಟೆಯ ಮೇಲೆ ಕೂತು ಮೆಂತ್ಯ ಸೊಪ್ಪು ಸೋಸುತ್ತಿದ್ದಳು. ನನ್ನನ್ನು ನೋಡಿ ಏಳಲಿಲ್ಲ.

"ಬಾರಪ್ಪಾ, ಮಹಾನುಭಾವಾ. ಫೋನ್ ಕೆಟ್ಟಿತ್ತೇನು, ಮನುಷ್ಯಾ ಕೆಟ್ಟಿದ್ನೇನು?"

ಹೇಳಿದೆ. ನಕ್ಷತ್ರ ಎಂದರೇನು, ಅದನ್ನು ಹೇಗೆ ಹಾಕುತ್ತಾರೆ, ಹೇಗೆ ತೆಗೆಯುತ್ತಾರೆ, ಯಾರು ತೆಗೆದರು, ಎಲ್ಲ. ನನ್ನ ಫೋನನ್ನು ತೋರಿಸಿದೆ. ಅವಳು ಅದನ್ನು ನೋಡಲಿಲ್ಲ. ಕೈಯಲ್ಲಿದ್ದ ಸೊಪ್ಪನ್ನು ಬಿಡಿಸುತ್ತಲೇ ಇದ್ದಳು. ಅವಳಿಗೆ ಆಶ್ಚರ್ಯವಾಗಲಿಲ್ಲ ಎಂಬುದು ನನಗೆ ತಡವಾಗಿ ಹೊಳೆಯಿತು.

"ನಿನಗ ಗೊತ್ತಿತ್ತೇನು?"

"ನಕ್ಷತ್ರ ಪಕ್ಷತ್ರ ನನಗೆಲ್ಲಿ ಗೊತ್ತೋ. ನೀ ಎತ್ತವಲ್ಲಿ ಅಂದಾಗ, ಮಾಮಾ ಮುಂಜಾನಿ ಓದತಾರ, ಎತ್ತಂಗಿಲ್ಲ ಅಂತ ಅಕಿನ ಅಂದ್ಲು."

"ಹಂಗಾರ ಸಂಜಿಮುಂದ ಹಚ್ಚಬೇಕಿತ್ತು."

"ಹಚ್ಚಬೇಕಿತ್ತು."

"ಬಸ್ ಹತ್ತಿ ಬರಬೇಕಿತ್ತು. ಎಷ್ಟು ದೂರ ಐತಿ?"

"ಬರಬಹುದಿತ್ತು," ಎಂದಳು. ಕಡ್ಡಿಗಳನ್ನು ಒಂದು ಕಡೆ ಸರಿಸಿದಳು. "ತಮ್ಮಾ, ಖರೇ ಹೇಳ್ತೇನಿ, ಸಿಟ್ಟಾಗಬ್ಯಾಡ. ಫೋನ್ ಹಚ್ಚತಿದ್ದೆ, ದೇವರ, ಇಂವ ಎತ್ತದಿರ್ಲಿ ಅಂತಿದ್ದೆ. ರಿಂಗ್ ಕೊಟ್ಟಿದ್ದು ಖರೇ. ನಾಳೆ ಯಾರೂ ನನಗ, ತಮ್ಮನ್ನ ಕೇಳಲಿಲ್ಲ ಅನ್ನಬಾರದು. ನೀ ತಿರಗಿ ಹಚ್ಚಲಿಲ್ಲ. ನನಗ ಅಷ್ಟ ಸಾಕಾಗಿತ್ತು."

ಒಳಗಿನಿಂದ ಭಾವ ಚಹಾ ತಂದರು. ಅವರು ಯಾವತ್ತೂ ಚಹಾ ತಂದವರಲ್ಲ. ಕಪ್ಪನ್ನು ನನ್ನ ಪಕ್ಕದಲ್ಲಿಟ್ಟು, "ಸಕ್ಕರಿ ಸಾಕೇನ್ರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದರು. ಆಗ ತಿಳಿಯಿತು, ಇದು ಒಬ್ಬರ ಬೆರಳಿನ ಕೆಲಸವಲ್ಲ. ಹುಡುಗಿ ನಕ್ಷತ್ರ ತೆಗೆದಳು, ಅಕ್ಕ ಬೆಳಿಗ್ಗೆ ಒಂದೊಂದೇ ಸಲ ಹಚ್ಚಿ ಬಿಟ್ಟಳು, ಭಾವ ಏನೂ ಕೇಳಲಿಲ್ಲ, ಕಾಕಾನ ಮಗ ಕರೆದ ಕೂಡಲೇ ಬಂದು ಕೂತ. ಯಾರೂ ಯಾರ ಜೊತೆಗೂ ಮಾತಾಡಿಕೊಂಡಿರಲಿಲ್ಲ. ಅಗತ್ಯವೇ ಇರಲಿಲ್ಲ.

"ಲಗ್ನಕ್ಕ ಬರ್ತಿ ಇಲ್ಲೋ?" ಅಕ್ಕ ಕೇಳಿದಳು.

"ಬಂದು ಎಲ್ಲಿ ನಿಲ್ಲಲಿ?"

ಅವಳು ಸೊಪ್ಪಿನ ಬುಟ್ಟಿ ಎತ್ತಿಕೊಂಡು ಎದ್ದಳು. "ನಿಂದ್ರೂದ್ಯಾಕ. ಮುಂದಿನ ಸಾಲಿನ್ಯಾಗ ಖುರ್ಚಿ ಹಾಕಸ್ತೇನಿ. ನೀ ಹೆಚ್ಚು ಹೊತ್ತು ನಿಂದ್ರಾಂವನೂ ಅಲ್ಲ."

ಕೊನೆಯ ಮಾತು ಪ್ರೀತಿಯಿಂದಲೇ ಹೇಳಿದಳು. ಚಹಾಕ್ಕೆ ಸಕ್ಕರೆ ಹೆಚ್ಚಾಗಿತ್ತು. ಪೂರ್ತಿ ಕುಡಿದೆ.

ಮದುವೆ ಖಾನಾಪುರದ ಒಂದು ಮಂಗಲ ಕಾರ್ಯಾಲಯದಲ್ಲಾಯಿತು. ನಾನು ಮುಂದಿನ ಸಾಲಿನಲ್ಲಿ ಕೂತೆ. ಕಾಕಾನ ಮಗ ತಲೆಗೆ ಹೊಸ ಪಟಕಾ ಸುತ್ತಿಕೊಂಡು ಹುಡುಗಿಯ ಕೈಹಿಡಿದು ಕರೆತಂದ, ಬೆನ್ನ ಹಿಂದೆ ನಿಂತ. ಅವನು ನಿಲ್ಲುವುದರಲ್ಲಿ ತಪ್ಪೇನೂ ಕಾಣಲಿಲ್ಲ, ಅಲುಗಾಡದೆ ನಿಂತಿದ್ದ. ಹಸಿರು ಸೀರೆ ಅವಳಿಗೆ ಒಪ್ಪಿತ್ತು. ಪಕ್ಕದಲ್ಲಿ ಕೂತಿದ್ದ ವರನ ಕಡೆಯ ಹಿರಿಯರೊಬ್ಬರು, ನೀವು ಹುಡುಗಿಗೆ ಏನಾಗಬೇಕು ಎಂದು ಮರಾಠಿಯಲ್ಲಿ ಕೇಳಿದರು. ಟಿಳಕವಾಡಿಯಲ್ಲಿ ಅವಳು ಇದ್ದ ಮನೆಯವನು ಎಂದೆ. ಅವರು ಬಹಳ ಸಂತೋಷಪಟ್ಟು, ಹುಡುಗಿಯನ್ನು ಚೆನ್ನಾಗಿ ನೋಡಿಕೊಂಡಿದ್ದೀರಿ ಎಂದು ನನ್ನ ಕೈ ಹಿಡಿದುಕೊಂಡರು.

ಅಂತರಪಟ ಸರಿಯುವ ಮೊದಲು ಅವಳು ತಿರುಗಿ ನನ್ನನ್ನು ಹುಡುಕಿದಳು, ಕಣ್ಣಲ್ಲಿ ನೀರಿತ್ತು ಎಂದು ಅಕ್ಕ ಈಗಲೂ ಹೇಳುತ್ತಾಳೆ. ಸಂಜೆ ಫೋನು ಹಚ್ಚಿದಾಗಲೆಲ್ಲ ಹೇಳುತ್ತಾಳೆ. ಇರಬಹುದು ಎನ್ನುತ್ತೇನೆ. ನಾನು ಅಲ್ಲೇ, ಮುಂದಿನ ಸಾಲಿನಲ್ಲಿ, ಅವಳನ್ನೇ ನೋಡುತ್ತ ಕೂತಿದ್ದೆ. ನನ್ನ ನೆನಪಿನಲ್ಲಿ ಅವಳು ತಿರುಗಲಿಲ್ಲ.