ಏಳು ಗಾಡಿಗಳ ನಂಬರು

ಹೆತ್ತವರು ಇಟ್ಟ ಹೆಸರು ಅವನ ಗುರುತಿನ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಬೀದಿಯವರ ಬಾಯಲ್ಲಿ ಅವನು ಬಿಚ್ಚಣ್ಣ. ಹಳೆಯ ಗಾಡಿಗಳನ್ನು ಬಿಚ್ಚುವುದು ಅವನ ಕಸುಬು. ನಲವತ್ತೆರಡು ವರ್ಷ ಅದೊಂದನ್ನೇ ಮಾಡಿಕೊಂಡು ಬಂದವನಿಗೆ ಬೇರೆ ಹೆಸರು ಒಗ್ಗುವುದಾದರೂ ಹೇಗೆ? ತುಕ್ಕು ತಿಂದ ಬೋಲ್ಟು ಸ್ಪ್ಯಾನರಿಗೆ ಜಗ್ಗದಿದ್ದರೆ ಡೀಸೆಲ್ ಹನಿಸಿ, ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, "ಬಾರಮ್ಮ, ಹಟ ಮಾಡಬೇಡ" ಎಂದು ರಮಿಸುತ್ತಿದ್ದ. "ನನ್ನ ಹತ್ರ ಒಂದು ದಿನವಾದ್ರೂ ಹೀಗೆ ಮಾತಾಡಿದ್ದೀರಾ?" ಎಂದು ಹೆಂಡತಿ ಕೇಳಿದ್ದುಂಟು. "ನಿನಗೆ ಯಾವತ್ತು ತುಕ್ಕು ಹಿಡಿದಿತ್ತು?" ಎಂದು ಅವನು ಜಾರಿಕೊಂಡದ್ದೂ ಉಂಟು.

ಗುಜರಿಗೂ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಮುಂದೆ ತಗಡಿನ ಗೇಟು, ಗೇಟಿನ ಒಳಗೆ ಚಕ್ರವಿಲ್ಲದೆ ಇಟ್ಟಿಗೆಗಳ ಮೇಲೆ ಕೂತ ಗಾಡಿಗಳು, ಅವುಗಳ ಹಿಂದೆ ಎರಡು ಕೋಣೆ. ಮನೆಯಲ್ಲಿ ಬಂದವರು ಕೂರುವುದು ಹಳೆಯ ಬಸ್ಸಿನ ಸೀಟಿನ ಮೇಲೆ. ಹೆಂಡತಿ ಬೈತಲೆ ತೆಗೆಯುವುದು ಯಾವುದೋ ಲಾರಿಯ ಪಕ್ಕದ ಕನ್ನಡಿಯಲ್ಲಿ. ಮಗಳು ಓದಿ ಪಾಸಾದದ್ದೂ ಆ ಬಸ್ಸಿನ ಸೀಟಿನ ಮೇಲೆ ಕೂತೇ. ಈಗ ಅವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ, ಅಪ್ಪನಿಗೆ ಬಂದ ಕಾಗದಗಳನ್ನು ಓದಿ ಹೇಳುತ್ತಾಳೆ.

ಬಿಚ್ಚಣ್ಣನಿಗೆ ಕಸುಬು ಕಲಿಸಿದವನು ಅವನ ಅಪ್ಪ. ಆ ಅಪ್ಪ ಒಮ್ಮೆ ಒಂದು ಕಾರಿನ ತಳವನ್ನು ಹಾಗೆಯೇ, ಅದರ ಮೇಲೆ ಅಚ್ಚೊತ್ತಿದ್ದ ನಂಬರಿನ ಸಮೇತ, ಯಾರಿಗೋ ಮಾರಿದ. ಕೊಂಡವನು ಆ ನಂಬರನ್ನು ಕತ್ತರಿಸಿ ಕದ್ದ ಕಾರಿಗೆ ಅಂಟಿಸಿದ. ಮಾಡಿದ್ದು ಅವನು, ಉಂಡದ್ದು ಅಪ್ಪ: ಮೂರು ದಿನ ಪೊಲೀಸ್ ಠಾಣೆಯಲ್ಲಿ ಕೂತು ಬಂದ. ಬಂದವನು ಊಟ ಮಾಡಲಿಲ್ಲ, ಒಂದು ಉಳಿ ಹುಡುಕಿ ತೆಗೆದು, ಮಗನನ್ನು ಕರೆದು ಹೇಳಿದ: "ಗಾಡಿ ಸತ್ತ ಮೇಲೆ ಅದರ ನಂಬರ್ ಬದುಕಿರಬಾರದು ಕಣೋ. ನಂಬರ್ ಉಳಿಸ್ಕೊಳ್ಳೋನು ಕಳ್ಳ. ಅಳಿಸೋನು ಮರ್ಯಾದಸ್ಥ."

ಅಂದಿನಿಂದ ಅದು ಆ ಗುಜರಿಯ ಕಟ್ಟಳೆಯಾಯಿತು. ಗಾಡಿಯ ಕೊನೆಯ ತುಂಡು ತೂಕಕ್ಕೆ ಹೋಗುವ ಮೊದಲು ಚಾಸಿಯ, ಎಂದರೆ ತಳದ ಚೌಕಟ್ಟಿನ, ನಂಬರಿನ ಮೇಲೆ ಉಳಿಯಿಟ್ಟು ಹೊಡೆಯಬೇಕು. ಸುತ್ತಲಿನ ಗುಜರಿಗಳಲ್ಲಿ ನಂಬರುಗಳು ಗುಟ್ಟಾಗಿ ಕೈ ಬದಲಾಗುತ್ತಿದ್ದವು, ಅದನ್ನು ಬಲ್ಲವರೆಲ್ಲ ಬಲ್ಲರು. ಬಿಚ್ಚಣ್ಣನ ಅಂಗಳದಿಂದ ಮಾತ್ರ ಒಂದು ನಂಬರೂ ಜೀವಂತವಾಗಿ ಹೊರಗೆ ಹೋಗಿರಲಿಲ್ಲ. ಅವನಿಗೆ ಜಂಬವಿದ್ದರೆ ಇದೊಂದರದ್ದೇ.

ಹೀಗಿರುವಾಗ ಸರ್ಕಾರ ಕಣ್ಣು ಬಿಟ್ಟಿತು. ಲೈಸೆನ್ಸ್ ಇಲ್ಲದೆ ಯಾರೂ ಗಾಡಿ ಬಿಚ್ಚುವಂತಿಲ್ಲ ಎಂದಿತು. ಕದ್ದ ಗಾಡಿಗಳು ರಾತ್ರೋರಾತ್ರಿ ಕರಗಿಹೋಗುತ್ತಿವೆ, ಎಂಜಿನ್ ಆಯಿಲ್ ಚರಂಡಿ ಸೇರುತ್ತಿದೆ ಎಂದು ಕಾರಣ ಕೊಟ್ಟಿತು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಸಣ್ಣವರಿಗೆ ಒಂದೇ ಒಂದು ಅವಕಾಶ: ಮೂರು ತಿಂಗಳೊಳಗೆ ಅರ್ಜಿ ಹಾಕಬೇಕು, ಅಧಿಕಾರಿ ಬಂದು ನೋಡಬೇಕು, ಅಂಗಳದಲ್ಲಿರುವ ಪ್ರತಿ ಗಾಡಿಗೂ ಸರಿಯಾದ ಕಾಗದ ಇರಬೇಕು. ಪಾಸಾದರೆ ಲೈಸೆನ್ಸ್. ಇಲ್ಲವಾದರೆ ಗೇಟಿಗೆ ಬೀಗ.

"ಅಪ್ಪ, ಇದು ನಮಗೋಸ್ಕರಾನೇ ಮಾಡಿದ ಹಾಗಿದೆ," ಎಂದಳು ಮಗಳು. "ಕಾಗದ ಇಟ್ಟಿರೋನು ಈ ಬೀದೀಲಿ ನೀನೊಬ್ಬನೇ."

ನಿಜವೇ. ಅಂಗಳದಲ್ಲಿದ್ದದ್ದು ಏಳು ಗಾಡಿ. ಏಳರ ನೋಂದಣಿ ಪುಸ್ತಕವೂ, ಮಾರಿದವರ ಸಹಿಯೂ ಬಿಸ್ಕತ್ತಿನ ಡಬ್ಬಿಯಲ್ಲಿ ಭದ್ರವಾಗಿದ್ದವು. ಉಳಿದದ್ದಕ್ಕೆ ಗಂಡ ಹೆಂಡತಿ ಎರಡು ತಿಂಗಳು ಬೆವರು ಸುರಿಸಿದರು. ನೆಲಕ್ಕೆ ಕಾಂಕ್ರೀಟು ಹಾಕಿದರು. ಆಯಿಲ್ ಇಂಗದಂತೆ ಗುಂಡಿ ಕಟ್ಟಿಸಿದರು. ಮರಳು ತುಂಬಿದ ಕೆಂಪು ಬಕೆಟ್ಟುಗಳನ್ನು ಸಾಲಾಗಿ ತೂಗುಹಾಕಿದರು. ಹೆಂಡತಿಯಂತೂ ಬ್ಯಾಟರಿಗಳನ್ನು ಒರೆಸಿ ಅಡುಗೆಮನೆಯ ಡಬ್ಬಿಗಳಂತೆ ಜೋಡಿಸಿಟ್ಟಳು.

ಅಧಿಕಾರಿ ಬರುವ ಹಿಂದಿನ ದಿನ ಬೀದಿಯ ಕೊನೆಯ ಗುಜರಿಗೆ ಪೊಲೀಸರು ನುಗ್ಗಿದರು. ಬಿಚ್ಚಣ್ಣ ಗೇಟಿನ ಸಂದಿಯಿಂದ ನೋಡಿದ. ಎದುರಿನ ಟೀ ಅಂಗಡಿಯವನು ಸುದ್ದಿ ತಂದ: "ಇಪ್ಪತ್ತು ನಂಬರ್ ಸಿಕ್ವಂತೆ ಬಿಚ್ಚಣ್ಣ, ಕತ್ತರಿಸಿ ಇಟ್ಟಿದ್ನಂತೆ. ಒಂದೊಂದೂ ಕದ್ದ ಗಾಡಿಗೆ ಹೋಗೋದಿತ್ತಂತೆ. ಈಗ ಇವರು ಹುಡುಕ್ತಿರೋದೇ ನಂಬರ್ ಇಟ್ಕೊಂಡಿರೋರನ್ನ."

ಆ ಮಾತು ಅವನ ಎದೆಯಲ್ಲಿ ಕೂತುಬಿಟ್ಟಿತು. ತನ್ನ ಅಂಗಳದಲ್ಲಿ ಇನ್ನೂ ಪೂರ್ತಿ ಬಿಚ್ಚದ ಏಳು ಗಾಡಿ, ಏಳು ನಂಬರು, ಎಲ್ಲವೂ ನೆಟ್ಟಗೆ ಇದ್ದವು. ಅಧಿಕಾರಿ ನೋಡಿ ಏನೆಂದುಕೊಂಡಾನು? ಅಪ್ಪ ಠಾಣೆಯಿಂದ ಬಂದ ದಿನದ ಮುಖ ಕಣ್ಣಿಗೆ ಕಟ್ಟಿತು.

ಮರುದಿನ ಬೆಳಗ್ಗೆ ಮಗಳು ಕಾಗದಗಳ ನಕಲು ತೆಗೆಸಿಕೊಂಡು ಅಧಿಕಾರಿಯನ್ನು ಕರೆತರಲು ಹೊರಟಳು. ಹೋಗುವಾಗ, "ಕಾಗದಾನೂ ಗಾಡೀನೂ ತಾಳೆ ನೋಡ್ತಾರೆ ಅಪ್ಪ. ಒಂದು ಕಾಗದಾನೂ ಆಚೀಚೆ ಆಗಬಾರದು," ಎಂದಳು. ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಆದರೆ ಅವನ ತಲೆಯಲ್ಲಿ ತಾಳೆ ಎಂದರೆ ಗಾಡಿಯ ಬಣ್ಣ, ಮಾಡೆಲ್ಲು, ಮಾಲೀಕನ ಸಹಿ. ನಂಬರು ಎಂಬುದು ಮರ್ಯಾದಸ್ಥ ಉಳಿಸಿಕೊಳ್ಳುವ ವಸ್ತುವೇ ಆಗಿರಲಿಲ್ಲವಲ್ಲ.

ಅವಳು ತಿರುವು ದಾಟುತ್ತಲೇ ಅಪ್ಪನ ಉಳಿಯನ್ನು ಕೈಗೆತ್ತಿಕೊಂಡ.

ಹೆಂಡತಿ ಟೀ ಲೋಟ ಹಿಡಿದು ಬಂದು ನಿಂತಳು. "ಈಗ್ಯಾಕ್ರೀ ಇದು? ಮಧ್ಯಾಹ್ನ ಅವರು ಬರ್ತಾರಲ್ಲ."

"ಅದಕ್ಕೇ ಕಣೆ. ಬಂದೋರಿಗೆ ಒಂದು ನಂಬರೂ ಕಾಣಬಾರದು. ನಾವೆಂಥವರು ಅಂತ ಕೇಳದೇನೇ ಗೊತ್ತಾಗಬೇಕು."

ಅರ್ಧಂಬರ್ಧ ಕೆಲಸ ಅವನ ಜಾಯಮಾನದಲ್ಲೇ ಇಲ್ಲ. ಚಾಸಿಯ ನಂಬರಿಗೆ ಉಳಿ ಹೊಡೆದು, ಮೇಲೆ ಗ್ರೈಂಡರ್ ಆಡಿಸಿ, ಅದರ ಮೇಲೆ ವೆಲ್ಡಿಂಗ್ ಎಳೆದ. ಎಂಜಿನ್ನಿನ ನಂಬರನ್ನೂ ಹಾಗೆಯೇ ಮುಗಿಸಿದ. ಗಾಜಿನ ಮೂಲೆಯಲ್ಲಿ ಕೊರೆದಿದ್ದ ಅಂಕಿಗಳು ನೆನಪಾಗಿ ಗಾಜುಗಳನ್ನೂ ಒಡೆದು, ಚೂರುಗಳನ್ನು ಗುಡಿಸಿ ಗಾಜಿನ ರಾಶಿಗೆ ಸೇರಿಸಿದ. ಏಳನೆಯ ಗಾಡಿ ಮುಗಿದಾಗ ಬೆನ್ನು ನೆಟ್ಟಗಾಗಲಿಲ್ಲ, ಆದರೆ ಮನಸ್ಸು ಹಗುರಾಗಿತ್ತು. ಸ್ನಾನ ಮಾಡಿ, ಮಡಚಿಟ್ಟಿದ್ದ ಬಿಳಿ ಶರ್ಟು ತೊಟ್ಟು ಗೇಟಿನಲ್ಲಿ ನಿಂತ.

ಮಧ್ಯಾಹ್ನ ಅಧಿಕಾರಿ ಮಗಳ ಹಿಂದೆಯೇ ಬಂದ. ಕೊರಳಲ್ಲಿ ದಾರ ಕಟ್ಟಿದ ಕನ್ನಡಕ, ಜೊತೆಗೊಬ್ಬ ಬರೆದುಕೊಳ್ಳುವ ಗುಮಾಸ್ತ. ಕೆಟ್ಟ ಮನುಷ್ಯನಲ್ಲ. ನೆಲ ನೋಡಿ ತಲೆಯಾಡಿಸಿದ, ಗುಂಡಿಯಲ್ಲಿ ಇಣುಕಿದ, ಬಕೆಟ್ಟು ಎಣಿಸಿದ. "ಈ ಬೀದೀಲಿ ಹೀಗೊಂದು ಗುಜರಿ ನೋಡ್ತೀನಿ ಅಂದ್ಕೊಂಡಿರಲಿಲ್ಲ ಯಜಮಾನ್ರೇ," ಎಂದ. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆಮೇಲೆ ಅಧಿಕಾರಿ ಮಗಳಿಂದ ಮೊದಲ ಕಾಗದ ತೆಗೆದುಕೊಂಡು, ನೀಲಿ ಕಾರಿನ ಪಕ್ಕ ಮಂಡಿಯೂರಿ, ಕನ್ನಡಕ ಏರಿಸಿದ. ಬಹಳ ಹೊತ್ತು ಏಳಲಿಲ್ಲ. ಎದ್ದವನು ಎರಡನೆಯ ಗಾಡಿಗೆ ಹೋದ, ಮೂರನೆಯದಕ್ಕೆ ಹೋದ. ಗುಮಾಸ್ತ ಬರೆಯುವುದನ್ನು ನಿಲ್ಲಿಸಿದ್ದ.

"ನಂಬರ್ ಎಲ್ಲಿ?"

"ಇಲ್ಲ ಸಾರ್," ಎಂದ ಬಿಚ್ಚಣ್ಣ, ಸಂತೋಷದಿಂದ. "ನಮ್ಮಲ್ಲಿ ನಂಬರ್ ಇಟ್ಕೊಳ್ಳೋದೇ ಇಲ್ಲ."

ಮಗಳ ಮುಖ ಸುಣ್ಣವಾಯಿತು. ಅಪ್ಪನ ಮುಖ ನೋಡಿದಳು, ಹೊಸ ವೆಲ್ಡಿಂಗಿನ ಗುರುತು ನೋಡಿದಳು. "ತುಕ್ಕು ಸಾರ್," ಎಂದಳು ಥಟ್ಟನೆ. "ಹಳೇ ಗಾಡಿಗಳಲ್ವಾ, ಸವೆದು ಹೋಗಿರುತ್ತೆ. ಬಂದಾಗಲೇ ಹೀಗಿತ್ತು. ಅಲ್ವಾ ಅಪ್ಪ? ಹೇಳಪ್ಪ!"

ಅವಳು ತನ್ನ ಜೀವಮಾನದಲ್ಲಿ ಮೊದಲ ಸಲ ಅವನ ಬಳಿ ಒಂದು ಸುಳ್ಳು ಬೇಡುತ್ತಿದ್ದಳು. ಏಕೆಂದು ಅವನಿಗೆ ತಿಳಿಯಲೇ ಇಲ್ಲ. "ತುಕ್ಕು ಯಾಕಮ್ಮ? ನಾನೇ ಹೊಡೆದದ್ದು ಸಾರ್, ಇವತ್ತು ಬೆಳಗ್ಗೆ. ಯಾರ ಕೈಗೂ ಸಿಗಬಾರದು ಅಂತ."

ಅಧಿಕಾರಿ ಕನ್ನಡಕ ತೆಗೆದ. "ಯಜಮಾನ್ರೇ, ಕಾಗದದಲ್ಲಿರೋ ನಂಬರೇ ಗಾಡೀಲೂ ಇರಬೇಕು. ಆಗಲೇ ಅದು ಕದ್ದದ್ದಲ್ಲ ಅಂತ ಆಗೋದು. ಆಮೇಲೆ ಅದನ್ನ ಕತ್ತರಿಸಿ ನಮಗೇ ಒಪ್ಪಿಸಬೇಕು. ನಂಬರ್ ಅಳಿಸಿದ ಗಾಡಿ ಅಂದ್ರೆ ಕಾನೂನಿನ ಕಣ್ಣಲ್ಲಿ ಕದ್ದ ಗಾಡೀನೇ."

ಬಿಚ್ಚಣ್ಣನ ಕಿವಿಯಲ್ಲಿ ಗ್ರೈಂಡರಿನ ಸದ್ದು ತುಂಬಿತು. ಹೊಸ ವೆಲ್ಡಿಂಗಿನ ಮೇಲೆ ಹೆಬ್ಬೆರಳು ಆಡಿಸಿ ನೋಡಿದ.

ಅಧಿಕಾರಿಗೂ ಅವನನ್ನು ಹಾಗೇ ಕೈಬಿಡಲು ಮನಸ್ಸಿರಲಿಲ್ಲ. "ಎಂಜಿನ್ ನಂಬರ್ ಇದೆಯಾ?" ಇರಲಿಲ್ಲ. "ಗಾಜಿನ ಮೇಲೆ ಕೊರೆದಿರ್ತಾರೆ..." ಎನ್ನುತ್ತ ಅತ್ತ ತಿರುಗಿದವನಿಗೆ ಖಾಲಿ ಚೌಕಟ್ಟುಗಳು ಕಂಡವು. ಮಗಳು ಗಾಜಿನ ರಾಶಿಯ ಮುಂದೆ ಕುಸಿದು ಕೂತು ಚೂರುಗಳನ್ನು ಬರಿಗೈಯಿಂದ ಕೆದಕತೊಡಗಿದಳು. ಒಂದು ಅಂಕಿ ಸಿಕ್ಕಿತು, ಇನ್ನೊಂದು ಸಿಕ್ಕಿತು, ಯಾವ ಗಾಡಿಯದೆಂದು ದೇವರಿಗೇ ಗೊತ್ತು. ಬೆರಳಿನಿಂದ ರಕ್ತ ಇಳಿಯುತ್ತಿತ್ತು. ತಾಯಿ ಬಂದು ಅವಳ ಕೈ ಹಿಡಿದೆಳೆದಳು.

"ಒಂದು ದಾರಿ ಇದೆ," ಎಂದ ಅಧಿಕಾರಿ ಮೆಲ್ಲಗೆ. "ಅಳಿಸಿದ ನಂಬರಿನ ಮೇಲೆ ಲ್ಯಾಬಿನೋರು ಆಸಿಡ್ ಹಾಕ್ತಾರೆ. ಪೆಟ್ಟು ಬರೀ ಮೇಲ್ಮೇಲೆ ಬಿದ್ದಿದ್ರೆ ಅಂಕಿ ಎದ್ದು ಕಾಣುತ್ತೆ. ನೀವು ಎಷ್ಟು ಆಳ ಹೊಡೆದಿದ್ದೀರಿ?"

ಮಗಳು, ಹೆಂಡತಿ, ಗುಮಾಸ್ತ, ಮೂವರೂ ಅವನ ಬಾಯನ್ನೇ ನೋಡಿದರು. ಬಿಚ್ಚಣ್ಣ ತನ್ನ ಕೈಗಳನ್ನು ನೋಡಿಕೊಂಡ. ಒಂದು ಗಾಡಿಯಲ್ಲಾದರೂ ಸೋಮಾರಿತನ ಮಾಡಿದ್ದೆನೇ, ಒಂದರಲ್ಲಾದರೂ ಕೈ ಜಾರಿತ್ತೇ ಎಂದು ಏಳನ್ನೂ ಮನಸ್ಸಿನಲ್ಲೇ ಬಿಚ್ಚಿ ನೋಡಿದ. ಇರಲಿಲ್ಲ.

"ಪೂರ್ತಿ ಸಾರ್," ಎಂದ. "ಪೂರ್ತಿ ಹೋಗಿದೆ. ಗ್ರೈಂಡರ್ ಆಡಿಸಿ, ವೆಲ್ಡಿಂಗ್ ಎಳೆದಿದ್ದೀನಿ. ನಮ್ಮಪ್ಪ ಹಾಗೇ ಕಲಿಸಿದ್ದು."

ಅಧಿಕಾರಿ ಗುಮಾಸ್ತನತ್ತ ತಿರುಗಿ ಬರೆದುಕೋ ಎಂದು ಸನ್ನೆ ಮಾಡಿದ. ಮಹಜರು ಬರೆಯಲು ಒಂದು ಗಂಟೆ ಹಿಡಿಯಿತು. ಅರ್ಜಿ ತಿರಸ್ಕಾರ, ಗುಜರಿಗೆ ಸೀಲು, ಮೊಕದ್ದಮೆಗಾಗಿ ಏಳು ಗಾಡಿ ಜಪ್ತಿ. ಬಿಸ್ಕತ್ತಿನ ಡಬ್ಬಿಯನ್ನು ಯಾರೂ ಕೇಳಲಿಲ್ಲ. ಬಿಚ್ಚಣ್ಣ ತೋರಿಸಿದಲ್ಲೆಲ್ಲ ಸಹಿ ಹಾಕಿದ. ತನ್ನ ಹೆತ್ತವರಿಟ್ಟ ಹೆಸರನ್ನು ಅಷ್ಟು ಸಲ ಅವನು ಎಂದೂ ಬರೆದವನಲ್ಲ.

ಹೊರಡುವ ಮುನ್ನ ಗುಮಾಸ್ತ ಕೇಳಿದ, "ಯಾವುದರಿಂದ ಹೊಡೆದದ್ದು? ಅದೂ ಸಾಕ್ಷಿಗೆ ಬೇಕು."

ಬಿಚ್ಚಣ್ಣ ಒಳಗೆ ಹೋಗಿ ಉಳಿ ತಂದ. ಬಿಳಿ ಶರ್ಟಿನ ತುದಿಯಿಂದ ಅದನ್ನು ಒರೆಸಿ ಎರಡೂ ಕೈಯಲ್ಲಿ ಕೊಟ್ಟ. ಗುಮಾಸ್ತ ಅದರ ಕುತ್ತಿಗೆಗೆ ದಾರದಲ್ಲಿ ಒಂದು ಚೀಟಿ ಕಟ್ಟಿ, ಚೀಟಿಯ ಮೇಲೆ ನಂಬರ್ ಒಂದು ಎಂದು ಬರೆದ.